ಸಮುದ್ರದ ಚಿಪ್ಪಿನಿಂದ ಹಳೆಯ ಹವಾಮಾನ: ಆರಿಸುವಲ್ಲೇ ಅರ್ಧ ಕೆಲಸ

ಫೊರಾಮಿನಿಫೆರಾ ಎಂಬ ಕಡಲಿನ ಏಕಕೋಶ ಜೀವಿಗಳ ಚಿಪ್ಪಿನಲ್ಲಿ ಆಮ್ಲಜನಕದ ಭಾರವಾದ ಐಸೋಟೋಪ್ (ರೂಪ) ಆದ ಆಮ್ಲಜನಕ-18ರ ಪ್ರಮಾಣ ನೋಡಿ ಲಕ್ಷಾಂತರ ವರ್ಷ ಹಿಂದಿನ ಕಡಲಿನ ತಾಪಮಾನ ಹೇಳಬಹುದು. ಎಲ್ಲರ ಕಣ್ಣೂ ಅದನ್ನು ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಮೇಲಿರುತ್ತದೆ. ಆದರೆ ಲೆಕ್ಕ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ, ಸೂಕ್ಷ್ಮದರ್ಶಕದ ಕೆಳಗೆ.

ಸಮುದ್ರತಳದಿಂದ ತೆಗೆದ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ಮೆಲ್ಲಗೆ ತೊಳೆಯಿರಿ. ಜೇಡಿ ಬಿಡದಿದ್ದರೆ ಉಜ್ಜಬೇಡಿ, ಇನ್ನಷ್ಟು ಹೊತ್ತು ನೆನೆಯಲಿ. ಬಟ್ಟಿ ಇಳಿಸಿದ ನೀರಿನಲ್ಲಿ ಮಾತ್ರ ದಿನಗಟ್ಟಲೆ ಬಿಡಬಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಸ್ವಲ್ಪ ಆಮ್ಲೀಯವಾಗಿರುತ್ತದೆ, ತೆಳು ಚಿಪ್ಪು ಕರಗುತ್ತದೆ. ಸುಮಾರು 50 ಡಿಗ್ರಿಯಲ್ಲಿ ಒಣಗಿಸಿ, 250ರಿಂದ 355 ಮೈಕ್ರಾನ್ ಗಾತ್ರದವನ್ನು ಬೇರ್ಪಡಿಸಿ. ಬೆಳೆದಂತೆಲ್ಲ ಚಿಪ್ಪಿನ ಐಸೋಟೋಪ್ ಮೌಲ್ಯ ಬದಲಾಗುವುದರಿಂದ ಗಾತ್ರದ ಮಿತಿ ಎಲ್ಲ ಸ್ಯಾಂಪಲ್‌ಗೂ ಒಂದೇ ಇರಬೇಕು.

ಪ್ರಭೇದವೂ ಒಂದೇ ಇರಬೇಕು. ಮೇಲ್ನೀರಿಗೆ ಗ್ಲೋಬಿಜರಿನಾಯ್ಡಿಸ್ ರೂಬರ್, ತಳಕ್ಕೆ ಸಿಬಿಸಿಡಾಯ್ಡಿಸ್. ಒಂದೇ ತಳದಲ್ಲಿ ಬದುಕುವ ಯೂವಿಜರಿನಾ ಮತ್ತು ಸಿಬಿಸಿಡಾಯ್ಡಿಸ್ ನಡುವೆ ಆಮ್ಲಜನಕ-18ರಲ್ಲಿ ಸುಮಾರು 0.64 ಪರ್ ಮಿಲ್ (ಸಾವಿರಕ್ಕೆ ಇಷ್ಟು ಪಾಲು) ಅಂತರವಿದೆ. ತಿದ್ದುಪಡಿ ಮಾಡದೆ ಬೆರೆಸಿದರೆ ಎರಡೂವರೆ ಡಿಗ್ರಿಗೂ ಮಿಕ್ಕಿದ ಸುಳ್ಳು ಏರಿಳಿತ ಸಿಗುತ್ತದೆ.

ಚಿಪ್ಪಿನ ಮೈಯನ್ನೂ ನೋಡಿ. ಗಾಜಿನಂತೆ ಪಾರದರ್ಶಕವಾಗಿದ್ದರೆ ಒಳ್ಳೆಯದು. ಹಿಮ ಹಿಡಿದಂತೆ ಬೆಳ್ಳಗಿದ್ದರೆ, ತಣ್ಣನೆಯ ಸಮುದ್ರತಳದಲ್ಲಿ ಕ್ಯಾಲ್ಸೈಟ್ ಮರುಹರಳುಗಟ್ಟಿದೆ ಎಂದರ್ಥ. ಈಯೋಸೀನ್ ಕಾಲದ (ಸುಮಾರು 5.6ರಿಂದ 3.4 ಕೋಟಿ ವರ್ಷ ಹಿಂದಿನ) ಉಷ್ಣವಲಯ ತಂಪಾಗಿತ್ತೆಂದು ಬಹುಕಾಲ ನಂಬಿದ್ದು ಇಂಥ ಚಿಪ್ಪುಗಳಿಂದಲೇ. ಟಾಂಜಾನಿಯಾದ ಜೇಡಿಮಣ್ಣಿನಲ್ಲಿ ಸಿಕ್ಕ ಗಾಜಿನಂಥ ಚಿಪ್ಪುಗಳು 2001ರಲ್ಲಿ ಆ ಕಡಲು ನಿಜಕ್ಕೂ ಬಿಸಿಯಾಗಿತ್ತೆಂದು ತೋರಿಸಿದವು. ಕೆಟ್ಟ ಚಿಪ್ಪನ್ನು ಯಾವ ಯಂತ್ರವೂ ಸರಿಪಡಿಸಲಾರದು.

ಮೆಥನಾಲ್‌ನಲ್ಲಿ ಕೆಲವೇ ಸೆಕೆಂಡು ಅಲ್ಟ್ರಾಸಾನಿಕ್ ಕೊಟ್ಟು ಕೊಳೆ ತೆಗೆದ ಮೇಲೆ ಹತ್ತಾರು ಮೈಕ್ರೋಗ್ರಾಂ ಸಾಕು. 70 ಡಿಗ್ರಿಯ ಫಾಸ್ಫಾರಿಕ್ ಆಮ್ಲ ಅದರಿಂದ ಬಿಡಿಸಿದ ಇಂಗಾಲದ ಡೈಆಕ್ಸೈಡನ್ನು ಯಂತ್ರ 44, 45, 46 ದ್ರವ್ಯರಾಶಿಗಳಲ್ಲಿ ಅಳೆಯುತ್ತದೆ.

ಬಂದ ಸಂಖ್ಯೆ ಬರೀ ತಾಪಮಾನದ್ದಲ್ಲ. ನೀರು ನಾಲ್ಕು ಡಿಗ್ರಿಯಷ್ಟು ತಣ್ಣಗಾದರೆ ಚಿಪ್ಪು ಸುಮಾರು 1 ಪರ್ ಮಿಲ್ ಭಾರವಾಗುತ್ತದೆ, ಅಂದರೆ ಅದರಲ್ಲಿ ಆಮ್ಲಜನಕ-18ರ ಪಾಲು ಅಷ್ಟು ಹೆಚ್ಚುತ್ತದೆ. ಆದರೆ ಹಿಮಗಡ್ಡೆ ಹಗುರ ಆಮ್ಲಜನಕ-16ನ್ನು ಹಿಡಿದಿಟ್ಟಾಗಲೂ ಹಾಗೇ ಆಗುತ್ತದೆ. ಕಳೆದ ಹಿಮಯುಗದ ಉತ್ತುಂಗದಲ್ಲಿ ಇಡೀ ಸಾಗರವೇ ಸುಮಾರು 1 ಪರ್ ಮಿಲ್ ಭಾರವಾಗಿತ್ತು. 1955ರಲ್ಲಿ ವಿಜ್ಞಾನಿ ಎಮಿಲಿಯಾನಿ ಹಿಮಯುಗಗಳ ಈ ಏರಿಳಿತದ ಹೆಚ್ಚಿನ ಪಾಲನ್ನು ತಾಪಮಾನಕ್ಕೆ ಕೊಟ್ಟರು. 1967ರಲ್ಲಿ ಇನ್ನೊಬ್ಬ ವಿಜ್ಞಾನಿ ಶಾಕಲ್ಟನ್ ತಳದ ಚಿಪ್ಪುಗಳಿಂದ ಹೆಚ್ಚಿನದು ಹಿಮದ್ದೇ ಎಂದು ವಾದಿಸಿದರು. ಇವೆರಡನ್ನು ಬಿಡಿಸಲು ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತ ಬೇಕು: ತೇಲುವ ಪ್ರಭೇದಗಳಲ್ಲಿ ಅದು ಡಿಗ್ರಿಗೆ ಸುಮಾರು ಶೇ. 9ರಷ್ಟು ಏರುತ್ತದೆ. ಚಿಪ್ಪುಗಳನ್ನು ಪುಡಿಮಾಡಿ ಬೆರೆಸಿ, ಅದೇ ಪುಡಿಯ ಎರಡು ಪಾಲಿನಲ್ಲಿ ಎರಡೂ ಅಳತೆ ಮಾಡಿ. ಜೇಡಿಯ ಮೆಗ್ನೀಸಿಯಂ ಉಳಿದರೆ ಕಡಲು ಸುಳ್ಳೇ ಬಿಸಿಯಾಗಿ ಕಾಣುತ್ತದೆ, ಚಿಪ್ಪು ಕರಗಿದ್ದರೆ ಸುಳ್ಳೇ ತಣ್ಣಗೆ.

ಒಂದೇ ಸ್ಯಾಂಪಲ್‌ನಲ್ಲಿ ಮೌಲ್ಯ ಜಿಗಿದರೆ ಹವಾಮಾನ ಎನ್ನಲು ಅವಸರ ಬೇಡ. ಹುಳುಗಳು ಮೇಲಿನ ಹಲವು ಸೆಂಟಿಮೀಟರ್ ಕೆಸರನ್ನು ಕಲಸುವುದರಿಂದ ನಿಜವಾದ ಬದಲಾವಣೆ ಅಕ್ಕಪಕ್ಕದ ಸ್ಯಾಂಪಲ್‌ಗಳಿಗೂ ಹರಡಿರುತ್ತದೆ. ಅದೇ ಪದರದಿಂದ ಹೊಸ ಚಿಪ್ಪು ಆರಿಸಿ ಮತ್ತೆ ಅಳೆಯಿರಿ.