ಹೊಡೆಯಲ್ಲ, ಬಡಿಯಲ್ಲ, ರೊಕ್ಕ ಮಾತ್ರ ಕೊಡಲ್ಲ. ಇದೂ ದೌರ್ಜನ್ಯವೇ?

ಕಲಬುರಗಿಯಲ್ಲಿ ನನ್ನದೊಂದು ಪುಟ್ಟ ಬ್ಯಾಂಕ್ ಸೇವಾ ಕೇಂದ್ರ. ಹೆಬ್ಬೆಟ್ಟು ಒತ್ತಿಸಿ ಖಾತೆಯಿಂದ ರೊಕ್ಕ ತೆಗೆದುಕೊಡುವುದು ಕೆಲಸ. ಹೆಂಗಸರು ಪಿಸುದನಿಯಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಕ್ಕಾ, ನಮ್ಮ ಮನಿಯವ್ರು ಹೊಡ್ಯಂಗಿಲ್ಲ, ಬಡ್ಯಂಗಿಲ್ಲ. ರೊಕ್ಕ ಅಷ್ಟೇ ಕೈಯಾಗ ಕೊಡಂಗಿಲ್ಲ. ಇದನ್ನ ಯಾರಿಗರ ಹೇಳ್ಬಹುದೇನ್ರಿ?"

ಹೇಳಬಹುದು. ಹಾಗಂತ ಮನೆಯ ರೊಕ್ಕ ಒಬ್ಬರ ಕೈಯಲ್ಲಿರುವುದೇ ತಪ್ಪು ಅಂತಲ್ಲ. ಎಷ್ಟೋ ಮನೆಗಳಲ್ಲಿ ಲೆಕ್ಕವೆಲ್ಲ ಅತ್ತೆ ನೋಡಿಕೊಳ್ಳುತ್ತಾರೆ, ಯಾರಿಗೂ ತಕರಾರಿಲ್ಲ. ನಾನು ತಿರುಗಿ ಕೇಳುವುದು ಇಷ್ಟೇ: ನೀವು ಲೆಕ್ಕ ಕೇಳಿದರೆ ಏನಾಗತ್ತೆ? "ಸಿಟ್ಟು ಮಾಡ್ತಾರ, ಆಮ್ಯಾಲ ಹೇಳ್ತಾರ" ಅಂದರೆ ಅದು ಸಂಸಾರದ ಜಗಳ. "ಕಿರಾಣಿಗೂ ಕೊಡಂಗಿಲ್ಲ", "ಕೇಳಾಕೇ ಅಂಜಿಕಿ" ಅಂದರೆ ಅದು ಜಗಳ ಅಲ್ಲ.

ಗೃಹಲಕ್ಷ್ಮಿಯ 2000 ರೂಪಾಯಿ ಬಂದ ದಿನ ನೋಡಬೇಕು. ತೊಗರಿ ಕೊಯ್ದು ಸವೆದ ಹೆಬ್ಬೆಟ್ಟು, ಮಷಿನ್ ಹಿಡಿಯಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಕೊನೆಗೆ ಬೀಪ್ ಅಂದಾಗ ನೋಟಿಗೆ ಕೈ ಚಾಚುವುದು ಪಕ್ಕದಲ್ಲಿ ನಿಂತ ಗಂಡ. ಚೀಟಿಯೂ ಅವನ ಜೇಬಿಗೆ. ಇದು ಬಡವರ ಮನೆ ಕತೆ ಮಾತ್ರ ಅಂದುಕೊಳ್ಳಬೇಡಿ. ಸಂಬಳ ತರುವ ಟೀಚರಮ್ಮನ ಎಟಿಎಂ ಕಾರ್ಡ್ ಗಂಡನ ಹತ್ತಿರ, ಬ್ಯಾಂಕಿನ ಮೆಸೇಜ್ ಅವನ ಮೊಬೈಲಿಗೆ, ಆಟೋ ರೊಕ್ಕಕ್ಕೂ ಸಂಜೆ ಲೆಕ್ಕ ಒಪ್ಪಿಸಬೇಕು.

ನನಗೆ ಜಾಸ್ತಿ ಭಯ ಸಾಲದ್ದು. ಸಂಘದಲ್ಲಿ, ಮೈಕ್ರೋ ಫೈನಾನ್ಸ್‌ನಲ್ಲಿ ಸಾಲ ಹೆಂಡತಿಯ ಹೆಸರಿಗೆ, ಖರ್ಚು ಗಂಡನದು. ವಾರದ ಕಂತಿಗೆ ಬಾಗಿಲು ಬಡಿದು ಕೇಳುವುದು ಅವಳನ್ನೇ. ಮನೆ ಬಿಟ್ಟು ಹೋದರೂ ಆ ಸಾಲ ಅವಳ ಬೆನ್ನು ಬಿಡಲ್ಲ. ಹಾಗಾಗಿ ಓದದ ಕಾಗದಕ್ಕೆ, ಜಾಮೀನಿಗೆ ಸಹಿ ಹಾಕಬೇಡಿ. "ಸಂಘದ ಮೀಟಿಂಗ್‌ನಾಗ ಕೇಳಿ ಹೇಳ್ತೀನಿ" ಅಂತ ನೆವ ಹೇಳಿ ದಿನ ದೂಡಿ.

ಹೊರಬರುವ ಯೋಚನೆ ಇದ್ದರೆ ಅದನ್ನು ಜಗಳದ ನಡುವೆ ಬಾಯಿಬಿಡಬೇಡಿ. ಮೊದಲು ಕಾಗದಪತ್ರ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಬಂಗಾರದ ಬಿಲ್ಲು, ಅಡವಿಟ್ಟಿದ್ದರೆ ಅದರ ರಸೀದಿ: ಎಲ್ಲದರ ಫೋಟೋ ನಂಬಿಕೆಯ ಅಕ್ಕತಂಗಿಯ ಫೋನಿನಲ್ಲಿರಲಿ. ನಿಮ್ಮ ಫೋನ್ ಅವನೂ ನೋಡುತ್ತಾನಲ್ಲ. ಆಮೇಲೆ ಬೇರೆ ಬ್ಯಾಂಕಿನಲ್ಲಿ, ನಿಮ್ಮ ಕೈಯಲ್ಲೇ ಇರುವ ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆಯಿರಿ. ಸರ್ಕಾರದ ನೇರ ವರ್ಗಾವಣೆಯ ರೊಕ್ಕ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳತ್ತೆ. ಹೊಸ ಖಾತೆಗೆ ಆಧಾರ್ ಜೋಡಿಸಿದರೆ ರೊಕ್ಕ ಅಲ್ಲಿಗೆ ಹೋಗತ್ತೆ, ಆದರೆ ಗಂಡನಿಗೆ ಮುಂದಿನ ಕಂತಿಗೇ ಗೊತ್ತಾಗತ್ತೆ. ಅದಕ್ಕೇ ಖಾತೆ ತೆರೆಯುವಾಗಲೇ ಜೋಡಿಸಬೇಡಿ ಅಂತ ಬ್ಯಾಂಕಿನವರಿಗೆ ಹೇಳಿ. ಆ ಕೆಲಸ ಎಲ್ಲಕ್ಕಿಂತ ಕೊನೆಗೆ.

ಕಾನೂನು ನಿಮ್ಮ ಕಡೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ ಅಂತಲೇ ಬರೆದಿದೆ. ಮನೆ ಖರ್ಚಿಗೆ ಕೊಡದಿರುವುದು, ಸ್ತ್ರೀಧನ (ಮದುವೆಯಲ್ಲಿ ನಿಮಗೆ ಕೊಟ್ಟ ಬಂಗಾರ, ರೊಕ್ಕ) ಕಸಿಯುವುದು, ಇರುವ ಮನೆಯಿಂದ ಹೊರಹಾಕುವುದು, ಎಲ್ಲ ಅದರೊಳಗೆ ಬರತ್ತೆ. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು ನಿಮಗಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಬೇರೆಯವರ ಫೋನಿಂದ ಆದರೆ ಒಳ್ಳೆಯದು. ಜೀವಕ್ಕೆ ಭಯ ಇದ್ದರೆ 112. ವಕೀಲರಿಗೆ ರೊಕ್ಕ ಎಲ್ಲಿಂದ ತರಲಿ ಅಂತೀರಾ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡತ್ತೆ. ಫೋನ್ 15100.

ಈ ಕಾಯ್ದೆಯಡಿ ಕೋರ್ಟಿಗೆ ಹಾಕಿದ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಅದರಲ್ಲೇ ಇದೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಅದು ಅಷ್ಟು ಸಲೀಸಲ್ಲ. ಆದ್ದರಿಂದ ಮೊದಲ ದಿನವೇ ವಕೀಲರಿಗೆ ಹೇಳಿ: ಖರ್ಚಿಗೆ ಮಧ್ಯಂತರ ಆದೇಶ (ತೀರ್ಪಿಗೂ ಮುಂಚೆ ಸಿಗುವ ಆದೇಶ) ಕೇಳ್ರಿ, ಬಂಗಾರ ಮಾರದಂತೆ ತಡೆಯೂ ಕೇಳ್ರಿ ಅಂತ.