ರಿಗ್ ಬರುವ ಮೊದಲು ಹಿಡಿದಿಟ್ಟ ನೀರು

ತೈಲಬಾವಿ ಕೊರೆಯುವುದರ ವಿರುದ್ಧ ಹೋರಾಟ ಎಂದರೆ ಎಲ್ಲರಿಗೂ ಕಾಣುವುದು ಗೇಟಿನ ಮುಂದಿನ ಬ್ಯಾನರು, ಘೋಷಣೆ, ಪೊಲೀಸ್ ವ್ಯಾನು. ಇದು ಅದಕ್ಕೂ ಮುಂಚಿನ ಒಂದು ದಿನದ ಮಾತು. ಬಾವಿ ಕೊರೆಯುವ ಯಂತ್ರ, ಅಂದರೆ ರಿಗ್ ಹೊತ್ತ ಲಾರಿಗಳು ಇನ್ನೂ ಬಂದಿರಲಿಲ್ಲ, ನಾವು ಮನೆಮನೆಯ ಬಾವಿಗಳಿಂದ ನೀರು ಹಿಡಿಯುತ್ತಿದ್ದೆವು. ನೀರು ಕೆಟ್ಟ ಮೇಲೆ ಕಂಪನಿಯ ವಕೀಲರು ಮೊದಲು ಕೇಳುವುದೇ "ಹಿಂದೆ ಚೆನ್ನಾಗಿತ್ತು ಅನ್ನೋದಕ್ಕೆ ಏನು ಪುರಾವೆ?" ಎಂದು. ಕೊರೆತ ಶುರುವಾದ ಮೇಲೆ ಆ ಪುರಾವೆ ಹುಟ್ಟಿಸಲಾಗದು.

ಬೆಳಿಗ್ಗೆ ಮೊದಲ ಕೆಲಸ ನೀರಿನಲ್ಲಿ ಕರಗಿದ ಉಪ್ಪಿನ ಸುಳಿವು ಕೊಡುವ ವಿದ್ಯುತ್ ವಾಹಕತೆಯ ಮೀಟರನ್ನು, ವಾಹಕತೆ ಮೊದಲೇ ಗೊತ್ತಿರುವ 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಅದ್ದಿ ಸರಿಹೊಂದಿಸುವುದು. ಆಮೇಲೆ ಬಾವಿಗಳ ಆಯ್ಕೆ. ಕೊರೆಯುವ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನವು, ಜತೆಗೆ ಅಂತರ್ಜಲ ಹರಿದು ಬರುವ ಮೇಲಿನ ದಿಕ್ಕಿನಲ್ಲಿ ದೂರದ ಒಂದು. ಆ ದೂರದ್ದು ಇಲ್ಲದಿದ್ದರೆ ಮುಂದೆ ಏನು ಬದಲಾದರೂ "ಈ ವರ್ಷ ಮಳೆ ಕಡಿಮೆ" ಎಂದು ತಳ್ಳಿಹಾಕುತ್ತಾರೆ.

ಮೇಲಿನ ಟ್ಯಾಂಕಿನ ನಲ್ಲಿಯಿಂದ ಹಿಡಿದ ನೀರು ದಂಡ, ಮೀಥೇನ್ ಅನಿಲ, ಕಚ್ಚಾ ಎಣ್ಣೆಯಲ್ಲಿರುವ ವಿಷಕಾರಿ ಬೆಂಜೀನ್ ಎರಡೂ ಟ್ಯಾಂಕಿನಲ್ಲೇ ಗಾಳಿಗೆ ಹಾರಿಹೋಗುತ್ತವೆ. ಫಿಲ್ಟರಿಗೂ ಮುಂಚೆ, ಪಂಪಿನ ಬಾಯಲ್ಲೇ ಹಿಡಿಯಬೇಕು. ಪಂಪು ಓಡುತ್ತಿರಲಿ. ಐದೈದು ನಿಮಿಷಕ್ಕೊಮ್ಮೆ ಮೀಟರು ನೋಡಿ, ಸತತ ಮೂರು ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಅದು ನೆಲದೊಳಗಿನ ನೀರು, ಪೈಪಿನಲ್ಲಿ ನಿಂತದ್ದಲ್ಲ.

ಬೆಂಜೀನಿಗೆ 40 ಮಿಲಿಲೀಟರಿನ ಗಾಜಿನ ಶೀಶೆ. ಒಳಗೆ ಲ್ಯಾಬಿನವರೇ ಹಾಕಿಟ್ಟ ಆಮ್ಲದ ಹನಿಗಳಿರುತ್ತವೆ. ಶೀಶೆ ತೊಳೆದರೆ ಅವೂ ಹೋದವು, ಮಾದರಿಯನ್ನು 14 ದಿನ ಇಟ್ಟುಕೊಳ್ಳುವ ಅವಕಾಶವೂ ಹೋಯಿತು. ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲುವಷ್ಟು ತುಂಬಿ ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೇರಿದರೆ ಆ ಮಾದರಿ ಬಿಟ್ಟು ಹೊಸ ಶೀಶೆಯಲ್ಲಿ ಮತ್ತೆ ಹಿಡಿಯಬೇಕು.

ಇಡೀ ಕೆಲಸ ಹಾಳಾಗುವುದು ಸಾಮಾನ್ಯವಾಗಿ ಇಲ್ಲೇ. ಪಕ್ಕದಲ್ಲಿ ಜೀಪು ಚಾಲೂ ಇದ್ದರೆ, ಪೆಟ್ರೋಲ್ ತುಂಬಿದ ಕೈಯಲ್ಲೇ ಮುಚ್ಚಳ ಮುಟ್ಟಿದರೆ, ಘಾಟು ವಾಸನೆಯ ಮಾರ್ಕರಿನಲ್ಲಿ ಹೆಸರು ಬರೆದರೆ ವರದಿಯಲ್ಲಿ ಪೆಟ್ರೋಲಿನಲ್ಲೂ ಇರುವ ಟೊಲ್ಯೂವೀನ್ ಕಾಣಿಸೀತು. ಅದಕ್ಕೇ ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಮುಚ್ಚಿದ ಒಂದು ಶೀಶೆ ದಿನವಿಡೀ ಐಸ್ ಪೆಟ್ಟಿಗೆಯಲ್ಲಿ ಜತೆಗಿತ್ತು. ಅದರಲ್ಲೂ ಎಣ್ಣೆಯ ಅಂಶ ಸಿಕ್ಕರೆ ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ.

ದುಡ್ಡು ಎಲ್ಲ ಹೋರಾಟಗಳಲ್ಲೂ ಕಡಿಮೆಯೇ. ಎಲ್ಲ ಪರೀಕ್ಷೆ ಮಾಡಿಸಲಾಗದಿದ್ದರೂ ಕ್ಲೋರೈಡ್, ಬ್ರೋಮೈಡ್, ಬೇರಿಯಂ ಬಿಡಬಾರದು. ಎಣ್ಣೆಯೊಂದಿಗೆ ಆಳದಿಂದ ಬರುವ ನೀರು ಬಹಳ ಕಡೆ ಕಡಲ ನೀರಿಗಿಂತಲೂ ಉಪ್ಪು. ಕಡಲ ನೀರಿನಲ್ಲಿ ಕ್ಲೋರೈಡು ಬ್ರೋಮೈಡಿನ ಸುಮಾರು 290 ಪಟ್ಟು, ಕಲ್ಲುಪ್ಪು ಕರಗಿದ್ದರೆ ಸಾವಿರಗಟ್ಟಲೆ ಪಟ್ಟು. ಉಪ್ಪು ಎಲ್ಲಿಂದ ಬಂತೆಂಬ ಜಗಳಕ್ಕೆ ಈ ಲೆಕ್ಕ ಬೇಕು. ಮೀಥೇನಿನ ಜತೆಗೆ ಈಥೇನ್, ಪ್ರೊಪೇನನ್ನೂ ಕೇಳಿ. ಕೊಳೆತ ಗಿಡಗಂಟಿಯಿಂದ ಹುಟ್ಟುವ ಅನಿಲದಲ್ಲಿ ಅವೆರಡೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅವು ಸಿಕ್ಕರೆ ಅನಿಲ ಆಳದಿಂದ ಬಂದಿರುವ ಸೂಚನೆ.

ಮಧ್ಯಾಹ್ನ ತೊರೆಯ ಬಳಿ ಒಬ್ಬರು ಕೂಗಿದರು: "ಎಣ್ಣೆ ಆಗಲೇ ತೇಲ್ತಾ ಇದೆ, ಫೋಟೋ ತೆಗೀರಿ!" ಕಾಮನಬಿಲ್ಲಿನ ಬಣ್ಣದ ಪೊರೆ ಇದ್ದದ್ದು ನಿಜ. ಕಡ್ಡಿಯಿಂದ ಕೆದಕಿದಾಗ ಅದು ಚೂರುಚೂರಾಗಿ ಒಡೆಯಿತು, ಚೂರುಗಳು ದೂರ ದೂರವೇ ನಿಂತವು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ಆ ಫೋಟೋ ಬ್ಯಾನರಿಗೆ ಹೋಗಿದ್ದರೆ ಕಂಪನಿಗೆ ನಾವೇ ಅಸ್ತ್ರ ಕೊಟ್ಟಂತಾಗುತ್ತಿತ್ತು.

ಪುರಾವೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ನೆನಪು: ತೈಲ ಮಾಲಿನ್ಯದ ವಿರುದ್ಧ ನೈಜೀರಿಯಾದ ಓಗೋನಿ ಜನರ ಪರ ನಿಂತ ಕೆನ್ ಸಾರೋ-ವಿವಾ ಮತ್ತು ಎಂಟು ಸಂಗಡಿಗರನ್ನು 1995ರಲ್ಲಿ ಗಲ್ಲಿಗೇರಿಸಿದರು. ಅಲ್ಲಿನ ಒಂದು ಊರಿನ ಕುಡಿಯುವ ಬಾವಿಯಲ್ಲಿ ಬೆಂಜೀನು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗಿಂತ ಹೆಚ್ಚಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ವರದಿ ಕೊಟ್ಟದ್ದು 2011ರಲ್ಲಿ, ಅವರನ್ನು ಗಲ್ಲಿಗೇರಿಸಿ ಹದಿನಾರು ವರ್ಷವಾದ ಮೇಲೆ.

ಸಂಜೆ ಪ್ರತಿ ಮುಚ್ಚಳದ ಮೇಲೂ ಅಡ್ಡಲಾಗಿ ಚೀಟಿ ಅಂಟಿಸಿ, ಮನೆಯವರದೂ ನಮ್ಮದೂ ಸಹಿ ಹಾಕಿಸಿದೆವು. ಪೆಟ್ಟಿಗೆ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತೆಂಬುದು ಒಂದೇ ಹಾಳೆಯಲ್ಲಿ, ಒಂದು ಸಾಲೂ ಖಾಲಿ ಬಿಡದೆ. ಮುಂದಿನ ಸಲವೂ ಅದೇ ಬಾವಿ, ಅದೇ ಜಾಗ, ಅದೇ ಋತು. ಮಳೆಗಾಲದಲ್ಲಿ ಹಿಡಿದ ನೀರನ್ನು ಬೇಸಿಗೆಯದಕ್ಕೆ ಹೋಲಿಸಿದರೆ ಎದುರು ಪಕ್ಷದ ತಜ್ಞರು ಎರಡೇ ನಿಮಿಷದಲ್ಲಿ ಅದನ್ನು ಬದಿಗೆ ಸರಿಸುತ್ತಾರೆ.