ಒಂದು ಹಡಗಿಗೆ ಎಷ್ಟು ಜನ ಬೇಕು?

ಊರಿಗೆ ಬಂದಾಗ ಮಲ್ಪೆ ಕಡೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. "ಒಂದು ಹಡಗು ಕಟ್ಟಲಿಕ್ಕೆ ಎಷ್ಟು ಜನ ಬೇಕು ಮಾರಾಯ್ರೆ?" ನಾನು ಬೇರೆ ಊರಿನ ಶಿಪ್‌ಯಾರ್ಡ್‌ನಲ್ಲಿ ಪ್ಲಾನಿಂಗ್ ಕೆಲಸ ಮಾಡುವವನು. ನಾನು ತಿರುಗಿ ಕೇಳುವುದು ಒಂದೇ: ಯಾವ ತಿಂಗಳಲ್ಲಿ?

ಮನೆ ಕಟ್ಟಿಸಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಗೋಡೆ ಏಳುವಾಗ ಗಾರೆಯವರು, ಆಮೇಲೆ ವಯರಿಂಗ್‌ನವರು, ಕೊನೆಗೆ ಪೇಂಟಿನವರು. ಹಡಗಿನಲ್ಲೂ ಮೊದಲು ಫಿಟ್ಟರ್, ವೆಲ್ಡರ್. ನಂತರ ಪೈಪ್‌ನವರು, ಎಲೆಕ್ಟ್ರಿಷಿಯನ್‌ಗಳು, ಪೇಂಟರ್‌ಗಳು. ಹಾಗಾಗಿ ನಾವು ಮೊದಲು ಜನರನ್ನು ಎಣಿಸುವುದಿಲ್ಲ, ಮ್ಯಾನ್-ಅವರ್ ಎಣಿಸುತ್ತೇವೆ, ಅಂದರೆ ಒಬ್ಬ ಒಂದು ಗಂಟೆಯಲ್ಲಿ ಮಾಡುವ ಕೆಲಸ. ಸ್ಟೀಲ್ ಎಷ್ಟು ಟನ್, ಪೈಪ್ ಎಷ್ಟು, ಕೇಬಲ್ ಎಷ್ಟು ಮೀಟರ್, ಹಿಂದೆ ಇಂಥದ್ದೇ ಹಡಗಿಗೆ ಎಷ್ಟು ಗಂಟೆ ಹಿಡಿಯಿತು, ಅಲ್ಲಿಂದ ಲೆಕ್ಕ ಶುರು.

ಗಾತ್ರ ನೋಡಿ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ. ಒಇಸಿಡಿ ಎಂಬ ಆರ್ಥಿಕ ಒಕ್ಕೂಟದ ದೇಶಗಳು ಬೇರೆ ಬೇರೆ ಹಡಗುಗಳ ಕೆಲಸವನ್ನು ಹೋಲಿಸಲು ಸಿಜಿಟಿ ಎಂಬ ಅಳತೆ ಇಟ್ಟುಕೊಂಡಿವೆ. ಅದರ ಪ್ರಕಾರ 10,000 ಗ್ರಾಸ್ ಟನ್ನಿನ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ) ಬಲ್ಕ್ ಕ್ಯಾರಿಯರ್‌ಗೆ, ಅಂದರೆ ಕಲ್ಲಿದ್ದಲು, ಧಾನ್ಯ ತುಂಬುವ ಹಡಗಿಗೆ, ಸುಮಾರು 8,000 ಸಿಜಿಟಿ. ಅಷ್ಟೇ ಗಾತ್ರದ ಪ್ಯಾಸೆಂಜರ್ ಹಡಗಿಗೆ 23,000ಕ್ಕೂ ಜಾಸ್ತಿ. ಒಳಗೆ ಕ್ಯಾಬಿನ್, ಎಸಿ, ವಯರಿಂಗ್ ಎಲ್ಲ ತುಂಬಿರುತ್ತದೆ ಅಲ್ವಾ?

ಆದರೆ ನನ್ನ ಲೆಕ್ಕವನ್ನು ಎಲ್ಲಕ್ಕಿಂತ ಹೆಚ್ಚು ತಲೆಕೆಳಗು ಮಾಡುವುದು ಕೆಲಸ ಎಲ್ಲಿ ನಡೆಯುತ್ತದೆ ಎನ್ನುವುದು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು: ಒಂದು, ಮೂರು, ಎಂಟು. ವರ್ಕ್‌ಶಾಪ್ ಒಳಗೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಬ್ಲಾಕ್ (ಆಮೇಲೆ ಜೋಡಿಸಿ ಹಡಗು ಮಾಡುವ ದೊಡ್ಡ ತುಂಡು) ಮೇಲೆ ಮೂರು ಗಂಟೆ, ಹಡಗಿನೊಳಗೆ ಎಂಟು ಗಂಟೆ. ಒಮ್ಮೆ ಡ್ರಾಯಿಂಗ್ ತಡವಾಗಿ ಬಂದು, ಪೈಪ್ ಸಪೋರ್ಟ್‌ಗಳನ್ನು ಹಾಕದೆಯೇ ಬ್ಲಾಕ್‌ಗಳಿಗೆ ಪೇಂಟ್ ಹೊಡೆದು ಜೋಡಿಸಿಬಿಟ್ಟರು. ಆಮೇಲೆ ಒಂದೊಂದು ಸಪೋರ್ಟ್‌ಗೂ ಸ್ಕ್ಯಾಫೋಲ್ಡಿಂಗ್ ಕಟ್ಟಬೇಕು, ಹಾಟ್ ವರ್ಕ್ ಪರ್ಮಿಟ್‌ಗೆ (ಕಿಡಿ ಹಾರುವ ಕೆಲಸಕ್ಕೆ ಅನುಮತಿ) ಕಾಯಬೇಕು, ಪೇಂಟ್ ಉಜ್ಜಿ ತೆಗೆಯಬೇಕು, ತಲೆ ಮೇಲೆ ಕೈ ಎತ್ತಿ ವೆಲ್ಡಿಂಗ್ ಮಾಡಬೇಕು. ಬೆಂಕಿ ಕಾಯಲು ಪಕ್ಕದಲ್ಲಿ ಒಬ್ಬ. ಕೊನೆಗೆ ಮತ್ತೆ ಪೇಂಟ್. ಆ ಸೆಕೆಯಲ್ಲಿ ಬೆವರಿಳಿಸುತ್ತಿದ್ದ ವೆಲ್ಡರ್‌ಗಳ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು. ಅವರ ಕೈ ನಿಧಾನವಾಗಿರಲಿಲ್ಲ. ಕಾಗದದ ಮೇಲೆ ಆದ ತಪ್ಪನ್ನು ಅವರು ಮೈಮೇಲೆ ಹೊತ್ತರು.

ಈಗ ಗಂಟೆಗಳನ್ನು ಜನರ ಲೆಕ್ಕಕ್ಕೆ ಇಳಿಸೋಣ. ಲೆಕ್ಕಕ್ಕೆಂದು ಒಂದು ಹಡಗಿಗೆ 3 ಲಕ್ಷ ಮ್ಯಾನ್-ಅವರ್, 20 ತಿಂಗಳು ಎಂದು ಇಟ್ಟುಕೊಳ್ಳಿ. ತಿಂಗಳಿಗೆ ಒಬ್ಬನಿಗೆ 200 ಗಂಟೆ ಅಂದರೆ 75 ಜನ. ಆದರೆ ರಜೆ, ಪರ್ಮಿಟ್, ಕ್ರೇನ್‌ಗೆ ಕಾಯುವುದು ಎಲ್ಲ ಕಳೆದು 150 ಗಂಟೆ ಕೈಗೆ ಸಿಕ್ಕರೆ 100 ಜನ ಬೇಕು. ಅದೂ ಬರೀ ಸರಾಸರಿ. ಶುರುವಿನಲ್ಲಿ 30 ಜನ ಇದ್ದರೆ ನಡುವೆ 160 ಆಗಬಹುದು. ಕೆಲಸ ಹಿಂದೆ ಬಿತ್ತೆಂದು ಸುಮ್ನೆ ಜನ ಸೇರಿಸಲೂ ಆಗುವುದಿಲ್ಲ. ಎಂಜಿನ್ ರೂಮಿನಲ್ಲಿ ನಿಲ್ಲಲು ಜಾಗವೇ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಲೆಕ್ಕವೇ ಬೇರೆ. ಗಾಳಿಯ ತೇವಾಂಶ 85 ಶೇಕಡ ದಾಟಿದರೆ ಸಾಮಾನ್ಯವಾಗಿ ಪೇಂಟ್ ಹೊಡೆಯುವುದಿಲ್ಲ. ಜುಲೈನಲ್ಲಿ ಹೊರಗಿನ ಪೇಂಟಿಂಗ್ ಇಟ್ಟರೆ ಪೇಂಟರ್‌ಗಳು ಸುಮ್ಮನೆ ಕೂರಬೇಕಾಗುತ್ತದೆ.

ಒಂದೇ ತರಹದ ಹಡಗುಗಳು ಸಾಲಾಗಿ ಬಂದರೆ ಮಾತ್ರ ಎಲ್ಲ ಸಲೀಸು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ ಮಾದರಿಯಲ್ಲಿ ಕಟ್ಟಿದ ಲಿಬರ್ಟಿ ಎಂಬ ಸರಕು ಹಡಗುಗಳಲ್ಲಿ ಮೊದಲನೆಯದಕ್ಕೆ 244 ದಿನ ಹಿಡಿಯಿತು. 2,710 ಹಡಗು ಕಟ್ಟುವ ಹೊತ್ತಿಗೆ ಸರಾಸರಿ ಸುಮಾರು 42 ದಿನಕ್ಕೆ ಇಳಿದಿತ್ತು. ಬ್ಲಾಕ್‌ಗಳನ್ನು ಮೊದಲೇ ಕಟ್ಟಿಟ್ಟು ಜೋಡಿಸಿದ್ದು ಒಂದು ಕಾರಣ, ಕೈ ಪಳಗಿದ್ದು ಇನ್ನೊಂದು.

ಮಲ್ಪೆಯಲ್ಲಿ ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ನಮ್ಮ ಹುಡುಗನಿಗೆ ಕೆಲಸ ಸಿಗ್ತದಾ, ಸಿಕ್ಕರೆ ಉಳೀತದಾ? ಅಲ್ಲಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ ಒಂದೇ ಮಾದರಿಯ ಆರು ಸರಕು ಹಡಗುಗಳ ಆರ್ಡರ್ ಬಂತು. ನನಗೆ ಖುಷಿಯಾಗಿದ್ದು ಆ ಆರು ಎಂಬ ಸಂಖ್ಯೆಗೆ. ಒಂದೇ ಹಡಗಾದರೆ ಸ್ಟೀಲ್ ಕೆಲಸ ಮುಗಿದ ದಿನ ವೆಲ್ಡರ್ ಗಂಟುಮೂಟೆ ಕಟ್ಟಬೇಕು. ಆರು ಇದ್ದರೆ ಅವನು ಪಕ್ಕದ ಹಡಗಿಗೆ ನಡೆದು ಹೋಗಬಹುದು.